ಪಳ್ಳಿ, ಹಳ್ಳಿ, ಬಸದಿ

ಟಿನ್ ಫ್ಯಾಕ್ಟರಿಯ ಮೇಲ್ಸೇತುವೆಗಳ ಅಡಿಯಲ್ಲಿ ಇಂದು ಯಾವ ಹಳ್ಳಿಯೂ ಕಾಣದು. ಆದರೂ 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗೆ ಮೆಟ್ರೊ ಸಂಚಾರ ಆರಂಭವಾದಾಗ ಇಲ್ಲಿಯ ನಿಲ್ದಾಣಕ್ಕೆ ದೊರೆತದ್ದು ಬೆನ್ನಿಗಾನಹಳ್ಳಿ ಎಂಬ ಹೆಸರೇ. ಊರು ಕರಗಿದ ಮೇಲೂ ಪದ ಉಳಿದಿದೆ.

ಈ ಪದದ ಬಗ್ಗೆ ನಮ್ಮವರ ಸಭೆಗಳಲ್ಲಿ ಆಗಾಗ ಕೇಳಿಬರುವ ಒಂದು ವಾದವುಂಟು: ಹಳ್ಳಿ ಎಂಬುದು ಪಳ್ಳಿಯ ರೂಪಾಂತರ, ಪಳ್ಳಿ ಎಂದರೆ ಜೈನ ಮುನಿಗಳ ನೆಲೆ, ಆದುದರಿಂದ 'ಹಳ್ಳಿ'ಯಲ್ಲಿ ಕೊನೆಗೊಳ್ಳುವ ಊರುಗಳೆಲ್ಲ ಒಂದು ಕಾಲಕ್ಕೆ ಜೈನ ಕ್ಷೇತ್ರಗಳು. ಇದರ ಮೊದಲ ಮಾತು ನಿಜ, ಎರಡನೆಯದು ಅರ್ಧ ನಿಜ, ಮೂರನೆಯದು ನಿಲ್ಲುವುದಿಲ್ಲ.

ಪದಾದಿಯ ಪಕಾರ ಹಕಾರವಾದುದಕ್ಕೆ ನಗರದೊಳಗೇ ಸಾಕ್ಷಿಯಿದೆ. ಸುಮಾರು 750ರ ಕಿತ್ತಯ್ಯನ ವೀರಗಲ್ಲಿನಲ್ಲಿ ಬರುವ ಪೆರ್ಬ್ಬೊಳಲ್ನಾಡಿನ ಹೆಸರೇ ಸವೆದು ಇಂದಿನ ಹೆಬ್ಬಾಳವಾಗಿದೆ. ಪಳ್ಳಿ ಹಳ್ಳಿಯಾದದ್ದೂ ಇದೇ ದಾರಿಯಲ್ಲಿ. ಸಮಾಸದಲ್ಲಿ ಮಾತ್ರ ಬೇರೆ ಗತಿ: ಕಾಲ್ ಎಂಬುದರ ಮುಂದೆ ಪಕಾರಕ್ಕೆ ವಕಾರ ಆದೇಶವಾಗಿ ಶಾಸನಗಳ 'ಕಾಲುವಳ್ಳಿ' ಹುಟ್ಟಿತು. ದೊಡ್ಡ ಊರಿಗೆ ಅಂಟಿಕೊಂಡ ಚಿಕ್ಕ ವಸತಿಯೆಂದು ಅದರ ಅರ್ಥ. ದತ್ತಿಗಳಲ್ಲಿ ಊರನ್ನು ಕಾಲುವಳ್ಳಿಗಳ ಸಹಿತವಾಗಿ ಬಿಡುವುದು ವಾಡಿಕೆ. ಅಲ್ಲಿ ಯಾವ ಮತದ ಸೋಂಕೂ ಇಲ್ಲ.

ಮುನಿಗಳ ನೆಲೆ ಎಂಬ ಅರ್ಥ ಬೆಳೆದದ್ದು ತಮಿಳಿನಲ್ಲಿ. ಅಲ್ಲಿ ಪಳ್ಳಿ ಎಂದರೆ ಮಲಗುವ ತಾಣ, ಸಣ್ಣ ಊರು, ಜೈನ ಬೌದ್ಧರ ವಿಹಾರ, ಪಾಠಶಾಲೆ. ಮಧುರೆಯ ಸುತ್ತಿನ ಬೆಟ್ಟಗಳ ಗುಹೆಗಳಲ್ಲಿ ಮುನಿಗಳಿಗಾಗಿ ಕೊರೆದ ಕಲ್ಲುಹಾಸುಗಳನ್ನು ಕಂಡವರಿಗೆ ಶಯನಕ್ಕೂ ವಿಹಾರಕ್ಕೂ ಒಂದೇ ಪದ ಹೇಗೆ ಸಂದಿತೆಂಬುದನ್ನು ವಿವರಿಸಬೇಕಿಲ್ಲ. ಇಂಥ ಸಂಸ್ಥೆಗಳಿಗೆ ಬಿಟ್ಟ ಭೂಮಿಗೆ 'ಪಳ್ಳಿಚ್ಚಂದಂ' ಎಂದು ಹೆಸರು. ಶಾಲೆ ಇಂದಿಗೂ 'ಪಳ್ಳಿಕ್ಕೂಡಂ'. ಕೇರಳದಲ್ಲಿ ಅದೇ ಪಳ್ಳಿ ಚರ್ಚಿಗೂ ಮಸೀದಿಗೂ ಸಲ್ಲುತ್ತದೆ.

ಕನ್ನಡದಲ್ಲಿ ಹೀಗೇಕಾಗಲಿಲ್ಲ? ಆ ಸ್ಥಾನವನ್ನು ಬೇರೊಂದು ಪದ ಹಿಡಿದಿತ್ತೆಂದು ನನ್ನ ಊಹೆ. ಸಂಸ್ಕೃತದ 'ವಸತಿ' ತದ್ಭವವಾಗಿ 'ಬಸದಿ'ಯಾಯಿತು, ಮುಂದೆ 'ಬಸ್ತಿ'ಯಾಯಿತು. ಅದೂ ಮೂಲದಲ್ಲಿ ವಾಸಸ್ಥಾನವೇ. ಒಂದೇ ಅರ್ಥದ ಎರಡು ಪದಗಳಲ್ಲಿ ತಮಿಳು ಪಳ್ಳಿಯನ್ನು ಮುನಿಗಳಿಗೆ ಕೊಟ್ಟಿತು. ಕನ್ನಡ ಬಸದಿಯನ್ನು ಜಿನನಿಗೆ ಕೊಟ್ಟು, ಹಳ್ಳಿಯನ್ನು ಒಕ್ಕಲಿಗೆ ಉಳಿಸಿಕೊಂಡಿತು. ಮೂಲದ 'ವಸತಿ' ಈಗ ಸರಕಾರದ ಇಲಾಖೆಯೊಂದರ ಹೆಸರಾಗಿದೆ. ಶಿವಾಜಿನಗರದ ಉರ್ದುವಿನಲ್ಲಿ 'ಬಸ್ತಿ' ಎಂದರೆ ಜನವಸತಿಯೇ. ಆ ಬಸ್ತಿಯನ್ನು ನಮ್ಮ ಬಸದಿಯೆಂದು ಯಾರೂ ವಾದಿಸುವುದಿಲ್ಲ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯನ್ನು ನೋಡಿ. 1133ರ ಪಾರ್ಶ್ವನಾಥ ಬಸದಿ ಅಲ್ಲಿದೆ. ಹಳ್ಳಿ ಎಂಬುದರಲ್ಲಿಯೇ ಬಸದಿಯ ಅರ್ಥವಿದ್ದಿದ್ದರೆ ಆ ಊರವರು ಮುಂದೆ 'ಬಸ್ತಿ' ಎಂದು ಸೇರಿಸಬೇಕಾಗಿರಲಿಲ್ಲ.