ಫೋಟೋ ಲೀಗ್: ನ್ಯೂಯಾರ್ಕಿನ ಒಂದು ಛಾಯಾಗ್ರಾಹಕರ ಸಂಘದ ಚರಿತ್ರೆ

ರಾಜ್ಯಗಳ ಏಳುಬೀಳುಗಳನ್ನು ವಿಸ್ತಾರವಾಗಿ ಬರೆದಿಟ್ಟ ಚರಿತ್ರಕಾರರು ಸಣ್ಣ ಸಂಘಗಳ ವಿಷಯದಲ್ಲಿ ಸಾಮಾನ್ಯವಾಗಿ ಮೌನವಾಗಿರುತ್ತಾರೆ. ಕೆಲವು ಮಂದಿ ಸೇರಿ ಬಾಡಿಗೆಯ ಮಹಡಿಯಲ್ಲಿ ಹದಿನೈದು ವರ್ಷ ನಡೆಯಿಸಿದ ಸಂಸ್ಥೆಗೆ ಶಾಸನವೂ ಇರುವುದಿಲ್ಲ, ಸ್ಮಾರಕವೂ ಇರುವುದಿಲ್ಲ. ಆದರೆ ಕಲೆಯೊಂದು ಕೈಯಿಂದ ಕೈಗೆ ಸಾಗಿಬರುವುದು ಬಹುಮಟ್ಟಿಗೆ ಇಂತಹ ಸಂಸ್ಥೆಗಳ ಮೂಲಕವೇ ಆದುದರಿಂದ, ಅವುಗಳ ವೃತ್ತಾಂತವನ್ನು ತಿಳಿಯುವುದು ನಿರರ್ಥಕವಾಗಲಾರದು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1936ರಿಂದ 1951ರವರೆಗೆ ಬಾಳಿದ ‘ಫೋಟೋ ಲೀಗ್’ ಎಂಬ ಸಂಘದ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಮದುವೆ ಮುಂಜಿಗಳ ಚಿತ್ರಕ್ಕೆ ಮನೆಯ ಯಜಮಾನನು ಹಣ ಕೊಡುತ್ತಾನೆ. ಸರಕಿನ ಚಿತ್ರಕ್ಕೆ ವರ್ತಕನು ಕೊಡುತ್ತಾನೆ. ಬಡವರ ಬೀದಿಯನ್ನು, ದುಡಿಯುವ ಮಗುವನ್ನು, ಕೆಲಸವಿಲ್ಲದೆ ಗೋಡೆಗೊರಗಿ ನಿಂತ ಮನುಷ್ಯನನ್ನು ಇದ್ದಂತೆಯೇ ತೋರಿಸುವ ಚಿತ್ರಕ್ಕೆ ಹಣ ಕೊಡುವವರು ಯಾರು? ಚಿತ್ರದಲ್ಲಿರುವವನಲ್ಲಿ ದುಡ್ಡಿಲ್ಲ, ದುಡ್ಡಿರುವವನು ಅದನ್ನು ತನ್ನ ಪಡಸಾಲೆಯಲ್ಲಿ ತೂಗುಹಾಕಲು ಒಪ್ಪುವುದಿಲ್ಲ. ಇಂತಹ ಚಿತ್ರಗಳನ್ನು ಸಾಕ್ಷ್ಯಛಾಯಾಚಿತ್ರಗಳೆಂದು ಕರೆಯಬಹುದು. ಜೇಕಬ್ ರೀಸ್ ಎಂಬವನು 1890ರಲ್ಲಿ ನ್ಯೂಯಾರ್ಕಿನ ಬಡಕೇರಿಗಳ ಬಾಳನ್ನು ಚಿತ್ರಸಹಿತವಾದ ಗ್ರಂಥವೊಂದರಲ್ಲಿ ಪ್ರಕಟಿಸಿದನು. ಲೂಯಿಸ್ ಹೈನನು 1908ರಿಂದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಯ ಪರವಾಗಿ ಗಿರಣಿಗಳಲ್ಲಿಯೂ ಗಣಿಗಳಲ್ಲಿಯೂ ದುಡಿಯುತ್ತಿದ್ದ ಮಕ್ಕಳ ಚಿತ್ರಗಳನ್ನು ತೆಗೆದು ಜನರ ಕಣ್ಣು ತೆರೆಯಿಸಿದನು. ಆ ಹೈನನೇ 1940ರಲ್ಲಿ ಕಡುಬಡತನದಲ್ಲಿ ತೀರಿಕೊಂಡನೆಂದ ಮೇಲೆ, ಈ ಮಾರ್ಗವನ್ನು ಹಿಡಿದವರಿಗೆ ಪರಸ್ಪರ ಆಸರೆಯು ಎಷ್ಟು ಅಗತ್ಯವಾಗಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1930ರಲ್ಲಿ ಕಾರ್ಮಿಕರ ಚಳವಳಿಗಳ ಸುದ್ದಿಯನ್ನು ಚಿತ್ರಗಳ ಮೂಲಕ ಹರಡುವುದಕ್ಕಾಗಿ ನ್ಯೂಯಾರ್ಕಿನಲ್ಲಿ ಒಂದು ಸಂಘವು ಹುಟ್ಟಿದ್ದಿತು. 1936ರಲ್ಲಿ ಅದು ಒಡೆದು, ಚಲನಚಿತ್ರದವರು ಬೇರೆಯಾದರು. ಉಳಿದ ಛಾಯಾಗ್ರಾಹಕರು ಫೋಟೋ ಲೀಗನ್ನು ಕಟ್ಟಿಕೊಂಡರು. ಇದರ ಮುಂದಾಳುಗಳಾದ ಸಿಡ್ ಗ್ರಾಸ್‌ಮನ್, ಸಾಲ್ ಲಿಬ್‌ಸೋನ್ ಇಬ್ಬರೂ ಇಪ್ಪತ್ತರ ಆಸುಪಾಸಿನ ತರುಣರು. ದೇಶವು ಆಗ ಮಹಾ ಆರ್ಥಿಕ ಕುಸಿತದ ಏಟಿನಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಸದಸ್ಯರಲ್ಲಿ ಅನೇಕರು ವಲಸೆ ಬಂದ ಯಹೂದ್ಯ ಕುಟುಂಬಗಳ ಮಕ್ಕಳು. ತಾವು ಚಿತ್ರಿಸಹೊರಟ ಕೇರಿಗಳಲ್ಲಿಯೇ ಹುಟ್ಟಿ ಬೆಳೆದವರು.

ಸಂಘದಲ್ಲಿ ಇದ್ದುದೇನೆಂದರೆ, ಚಿತ್ರಗಳನ್ನು ತೊಳೆದು ಮುದ್ರಿಸುವ ಕತ್ತಲೆಕೋಣೆ, ತೂಗುಹಾಕುವುದಕ್ಕೆ ಗೋಡೆಗಳು, ಉಪನ್ಯಾಸಕ್ಕೊಂದು ಜಾಗ, ಮತ್ತು ಒಂದು ಪಾಠಶಾಲೆ. ಚಂದಾ ಹಣದಿಂದಲೂ, ಅಲ್ಪವಾದ ಬೋಧನಶುಲ್ಕದಿಂದಲೂ, ಆಗಾಗ ಏರ್ಪಡಿಸುತ್ತಿದ್ದ ವಿನೋದಕೂಟಗಳ ಉತ್ಪನ್ನದಿಂದಲೂ ಖರ್ಚು ಸಾಗಬೇಕಾಗಿದ್ದಿತು. ಸ್ವಂತ ಕತ್ತಲೆಕೋಣೆಯನ್ನು ಕನಸಿನಲ್ಲಿಯೂ ಕಾಣದ ಬಡ ಹುಡುಗನಿಗೆ ಇದು ಸಾಮಾನ್ಯ ಸಹಾಯವಲ್ಲ. ಗ್ರಾಸ್‌ಮನ್ನನ ಪಾಠಕ್ರಮವು ಒಂದು ಗರಡಿಯಂತಿದ್ದಿತು. ಶಿಷ್ಯನು ಒಂದು ಕೇರಿಯನ್ನು ಆರಿಸಿಕೊಂಡು, ಅಲ್ಲಿಯ ಜನರ ಪರಿಚಯ ಬೆಳೆಯುವವರೆಗೆ ಮತ್ತೆ ಮತ್ತೆ ಅಲ್ಲಿಗೆ ಹೋಗಬೇಕು. ತಂದ ಚಿತ್ರಗಳನ್ನು ಎಲ್ಲರ ಮುಂದೆ ಹರಡಬೇಕು. ಇದನ್ನೇಕೆ ತೆಗೆದೆ, ಇದರಲ್ಲಿ ನೀನು ಕಂಡುದೇನು ಎಂಬ ಕಠಿಣವಾದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಕಣ್ಣೀರು ಹಾಕಿಕೊಂಡು ಹೋದವರೂ ಇದ್ದರು. ಮರುವಾರ ಹೊಸ ಚಿತ್ರಗಳೊಡನೆ ಬಂದವರೂ ಇದ್ದರು. ಹೀಗೆ ಇಲ್ಲಿ ಕಲಿತವರ ಸಂಖ್ಯೆಯು ಸುಮಾರು 1,500 ಎಂದು ಅಂದಾಜು ಮಾಡಲಾಗಿದೆ. ಹೆಂಗಸರಿಗೂ ಗಂಡಸರಿಗೂ ಭೇದವಿಲ್ಲದೆ ಪ್ರವೇಶವಿದ್ದುದು ಆ ಕಾಲಕ್ಕೆ ವಿಶೇಷವೇ ಸರಿ.

ಹಿರಿಯರ ಒಡನಾಟವೂ ದೊರೆಯಿತು. ಪಾಲ್ ಸ್ಟ್ರಾಂಡ್, ಬೆರೆನಿಸ್ ಆಬಟ್ ಮೊದಲಾದ ಪ್ರಸಿದ್ಧರು ಸಲಹೆಗಾರರಾಗಿದ್ದರು. ವೃದ್ಧನಾದ ಹೈನನು ಈ ತರುಣರ ಗೆಳೆಯನಾಗಿದ್ದನು. ಆತನು ತೀರಿಕೊಂಡ ತರುವಾಯ ಆತನ ಮಗನು ತಂದೆಯ ಚಿತ್ರಗಳನ್ನೂ ನೆಗೆಟಿವುಗಳನ್ನೂ ಈ ಸಂಘಕ್ಕೇ ಒಪ್ಪಿಸಿದನು. ‘ಫೋಟೋ ನೋಟ್ಸ್’ ಎಂಬ ಸಂಘದ ಸಣ್ಣ ಪತ್ರಿಕೆಯನ್ನು ದೂರದೂರದ ಛಾಯಾಗ್ರಾಹಕರು ಆದರದಿಂದ ಓದುತ್ತಿದ್ದರು.

ಸಂಘದ ಕಾರ್ಯದಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಏರನ್ ಸಿಸ್ಕಿಂಡನ ನೇತೃತ್ವದಲ್ಲಿ ಒಂದು ತಂಡವು ಕರಿಯ ಜನರು ವಾಸಿಸುವ ಹಾರ್ಲೆಮ್ ಪ್ರದೇಶವನ್ನು ಹಲವು ವರ್ಷ ಚಿತ್ರಿಸಿತು. ಆ ಚಿತ್ರಗಳಲ್ಲಿ ಮುರುಕು ಮನೆಗಳೂ ದಾರಿದ್ರ್ಯವೂ ಕಾಣುವಷ್ಟು ಅಲ್ಲಿಯ ಜನರ ಉಲ್ಲಾಸವೂ ವಿದ್ಯೆಯೂ ಕಾಣುವುದಿಲ್ಲ. ಹಾರ್ಲೆಮಿನಲ್ಲಿ ನಡೆಯುತ್ತಿದ್ದ ಎಷ್ಟೋ ಒಳ್ಳೆಯ ಸಂಗತಿಗಳನ್ನು ತಾವು ತೋರಿಸಲೇ ಇಲ್ಲವೆಂದು ಸಿಸ್ಕಿಂಡನೇ ಮುಂದೆ ಒಪ್ಪಿಕೊಂಡನು. ಕನಿಕರದಿಂದ ನೋಡುವ ಕಣ್ಣು ಕೂಡ ಅರ್ಧವನ್ನು ಮಾತ್ರ ನೋಡೀತೆಂಬುದಕ್ಕೆ ಇದು ನಿದರ್ಶನವು. ಸಾಕ್ಷಿ ನುಡಿಯುವವನ ಹೊಣೆಯು ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಸದಸ್ಯರನೇಕರು ಸೈನ್ಯ ಸೇರಿದರು. ಸಂಘದ ಶಾಲೆಯಲ್ಲಿ ಕಲಿತ ವಾಲ್ಟರ್ ರೋಸೆನ್‌ಬ್ಲಮ್ ಎಂಬವನು 1944ರಲ್ಲಿ ನಾರ್ಮಂಡಿಯ ದಡದ ಮೇಲೆ ಕ್ಯಾಮೆರಾ ಹಿಡಿದು ನಿಂತು, ಶೌರ್ಯಕ್ಕಾಗಿ ಪದಕಗಳನ್ನು ಪಡೆದನು. ಇಂತಹವರು ಊರಿಗೆ ಮರಳಿ ಎರಡು ವರ್ಷವಾಗುವುದರೊಳಗೆ ಸಂಘಕ್ಕೆ ಸಿಡಿಲೆರಗಿತು. 1947ರ ಮಾರ್ಚಿಯಲ್ಲಿ ಅಧ್ಯಕ್ಷ ಟ್ರೂಮನ್ನನು ಸರ್ಕಾರಿ ನೌಕರರ ನಿಷ್ಠೆಯನ್ನು ಪರೀಕ್ಷಿಸುವ ಆಜ್ಞೆಯನ್ನು ಹೊರಡಿಸಿದ್ದನು. ಅದನ್ನನುಸರಿಸಿ, ಅಟಾರ್ನಿ ಜನರಲ್ ಟಾಮ್ ಕ್ಲಾರ್ಕನು ರಾಜ್ಯದ್ರೋಹದ ಶಂಕೆಗೆ ಪಾತ್ರವಾದ ಸಂಸ್ಥೆಗಳ ಪಟ್ಟಿಯನ್ನು ಸಿದ್ಧಪಡಿಸಿದನು. ಆ ವರ್ಷದ ಡಿಸೆಂಬರ್ 5ರಂದು ಪ್ರಕಟವಾದ ಪಟ್ಟಿಯಲ್ಲಿ ಫೋಟೋ ಲೀಗಿನ ಹೆಸರಿದ್ದಿತು. ಮುಂಚಿತವಾಗಿ ತಿಳಿವಳಿಕೆಯಿಲ್ಲ, ವಿಚಾರಣೆಯಿಲ್ಲ, ಸಾಕ್ಷ್ಯವಿಲ್ಲ.

ಸದಸ್ಯರಲ್ಲಿ ಕೆಲವರು ಎಡಪಂಥದ ರಾಜಕೀಯಕ್ಕೆ ಒಲಿದವರೆಂಬುದು ನಿಜ. ಸಂಘದ ಮೂಲವೇ ಕಾರ್ಮಿಕ ಚಳವಳಿಯಲ್ಲಿದ್ದಿತು. ಆದರೆ ಕತ್ತಲೆಕೋಣೆಯಲ್ಲಿ ತೊಳೆದ ಯಾವ ಚಿತ್ರವು ದೇಶಕ್ಕೆ ದ್ರೋಹ ಬಗೆಯಿತೆಂಬುದನ್ನು ಯಾರೂ ತೋರಿಸಲಿಲ್ಲ. ಮೊದಲಿಗೆ ಛಾಯಾಗ್ರಾಹಕರು ಧೈರ್ಯವಾಗಿ ಸಂಘದ ಬೆನ್ನಿಗೆ ನಿಂತರು. ಹೊಸಬರೂ ಬಂದು ಸೇರಿದರು. ಯೂಜೀನ್ ಸ್ಮಿತ್ ಎಂಬ ಹೆಸರಾಂತ ಪತ್ರಿಕಾ ಛಾಯಾಗ್ರಾಹಕನು ಕೆಲಕಾಲ ಅಧ್ಯಕ್ಷನಾದನು. 1948ರಲ್ಲಿ ‘ಇದು ಫೋಟೋ ಲೀಗ್’ ಎಂಬ ಅರ್ಥದ ಹೆಸರಿನಿಂದ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿ, ನಾವು ಮಾಡಿದ ಕೆಲಸವನ್ನು ನೀವೇ ನೋಡಿರಿ ಎಂದು ಸಂಘವು ಜನರಿಗೆ ಉತ್ತರ ಕೊಟ್ಟಿತು.

ಆದರೆ 1949ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಕಮ್ಯೂನಿಸ್ಟ್ ಮುಂದಾಳುಗಳ ಮೊಕದ್ದಮೆಯು ನಡೆಯುತ್ತಿದ್ದಾಗ, ಏಂಜೆಲಾ ಕ್ಯಾಲೊಮಿರಿಸ್ ಎಂಬಾಕೆಯು ಸಾಕ್ಷಿಯಾಗಿ ನಿಂತಳು. ಈಕೆ ಸಂಘದ ಸದಸ್ಯೆ; ಗ್ರಾಸ್‌ಮನ್ನನಿಂದ ಪಾಠ ಹೇಳಿಸಿಕೊಂಡವಳು; ಅದೇ ಕಾಲದಲ್ಲಿ ಸರ್ಕಾರದ ತನಿಖಾ ಇಲಾಖೆಯಿಂದ ಹಣ ಪಡೆಯುತ್ತಿದ್ದ ಗೂಢಚಾರಿಣಿ. ಆಕೆಯು ಗ್ರಾಸ್‌ಮನ್ನನ ಹೆಸರನ್ನು ಹೇಳಿದಳು. ಅಲ್ಲಿಂದ ಮುಂದೆ ಸಂಘದ ಸಂಪರ್ಕವೇ ಅಪಾಯವಾಯಿತು. ಕೆಲಸ ಹೋದೀತೆಂದೂ ಪರದೇಶಕ್ಕೆ ಹೋಗುವ ರಹದಾರಿಯು ಸಿಕ್ಕಲಾರದೆಂದೂ ಅಂಜಿದವರು ಒಬ್ಬೊಬ್ಬರಾಗಿ ದೂರವಾದರು. ಮೊದಲು ಬೆಂಬಲಿಸಿದ್ದ ಆನ್ಸೆಲ್ ಆಡಮ್ಸನೂ ರಾಜೀನಾಮೆಯಿತ್ತನು. ಸ್ಟ್ರಾಂಡನು 1950ರಲ್ಲಿ ದೇಶವನ್ನು ಬಿಟ್ಟು ಫ್ರಾನ್ಸಿಗೆ ಹೋದನು. 1951ರಲ್ಲಿ ಸಂಘವು ಬಾಗಿಲು ಮುಚ್ಚಿತು. ಗ್ರಾಸ್‌ಮನ್ನನು 1955ರ ಕೊನೆಯ ದಿನ, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ಹೃದ್ರೋಗದಿಂದ ಮಡಿದನು.

ಬೆಂಕಿಯಿಲ್ಲದೆ ಹೊಗೆಯಾಡದೆಂದು ನಮ್ಮಲ್ಲಿ ಗಾದೆಯುಂಟು. ಶಂಕೆಯ ಕಾಲದಲ್ಲಿ ಈ ಗಾದೆಯೇ ನ್ಯಾಯಾಧೀಶನ ಪೀಠದಲ್ಲಿ ಕುಳಿತುಬಿಡುತ್ತದೆ; ಪಟ್ಟಿಯಲ್ಲಿ ಹೆಸರಿದ್ದ ಮೇಲೆ ಏನೋ ಇದ್ದೇ ಇರಬೇಕೆಂದು ನೆರೆಯವರು ತಾವಾಗಿಯೇ ತೀರ್ಪು ಕೊಡುತ್ತಾರೆ. ಬಡತನವು ಹದಿನೈದು ವರ್ಷ ಕೊಲ್ಲಲಾರದೆ ಹೋದ ಸಂಸ್ಥೆಯನ್ನು ಒಂದು ಪಟ್ಟಿಯು ನಾಲ್ಕೇ ವರ್ಷಗಳಲ್ಲಿ ಕೊಂದಿತು. ಸಂಘದ ವಶದಲ್ಲಿದ್ದ ಹೈನನ ಚಿತ್ರರಾಶಿಯೂ ಅನಾಥವಾಯಿತು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಅದನ್ನು ಸ್ವೀಕರಿಸಲೊಪ್ಪಲಿಲ್ಲ. ಕಡೆಗೆ ರಾಚೆಸ್ಟರ್ ನಗರದ ಈಸ್ಟ್‌ಮನ್ ಸಂಗ್ರಹಾಲಯವು ಬರಮಾಡಿಕೊಂಡಿತು.

ಆದರೂ ಗರಡಿಯು ಮುಚ್ಚಿದ ಮೇಲೆ ಪಟ್ಟುಗಳು ಮರೆತುಹೋಗಲಿಲ್ಲ. ರೋಸೆನ್‌ಬ್ಲಮ್ಮನು ಬ್ರೂಕ್ಲಿನ್ ಕಾಲೇಜಿನಲ್ಲಿ ದೀರ್ಘಕಾಲ ಪಾಠ ಹೇಳಿದನು. 1947ರಲ್ಲಿ ಸಂಘಕ್ಕೆ ಸೇರಿದ್ದ ಜೆರೋಮ್ ಲೀಬ್ಲಿಂಗನ ಶಿಷ್ಯನೇ ಇಂದಿನ ಪ್ರಖ್ಯಾತ ಸಾಕ್ಷ್ಯಚಿತ್ರಕಾರನಾದ ಕೆನ್ ಬರ್ನ್ಸ್. ಯೂಜೀನ್ ಸ್ಮಿತ್ 1978ರಲ್ಲಿ ತೀರಿಕೊಂಡ ಮರುವರ್ಷ ಆತನ ಹೆಸರಿನಲ್ಲಿ ಒಂದು ನಿಧಿಯು ಸ್ಥಾಪಿತವಾಯಿತು. ಲಾಭದ ಆಸೆಯಿಲ್ಲದ ಆ ನಿಧಿಯು ಮನುಷ್ಯರ ಬಾಳನ್ನು ದೀರ್ಘಕಾಲ ಅನುಸರಿಸಿ ಚಿತ್ರಿಸುವವರಿಗೆ ಧನಸಹಾಯ ಮಾಡುವುದಕ್ಕಾಗಿ ಹುಟ್ಟಿದುದು. ಅದರ ಮೊದಲ ನೆರವು 1980ರಲ್ಲಿ ಜೇನ್ ಎವೆಲಿನ್ ಆಟ್‌ವುಡ್ ಎಂಬಾಕೆಗೆ, ಕುರುಡು ಮಕ್ಕಳನ್ನು ಕುರಿತ ಚಿತ್ರಗಳಿಗಾಗಿ ಸಂದಿತು. 2011ರಲ್ಲಿ ನ್ಯೂಯಾರ್ಕಿನ ಯಹೂದ್ಯ ಸಂಗ್ರಹಾಲಯವು ಫೋಟೋ ಲೀಗಿನ ಚಿತ್ರಗಳನ್ನು ಗೌರವದಿಂದ ಪ್ರದರ್ಶಿಸಿತು. ಅರವತ್ತು ವರ್ಷಗಳ ಹಿಂದೆ ಜನರು ಯಾವ ಸಂಘದ ಹೆಸರೆತ್ತಲು ಅಂಜಿದ್ದರೋ ಅದರ ಹೆಸರು ಆಗ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿದ್ದಿತು.

ಕ್ಯಾಮೆರಾವನ್ನು ಅಂಗಡಿಯಲ್ಲಿ ಕೊಳ್ಳಬಹುದು. ತೆಗೆದ ಚಿತ್ರವನ್ನು ಮುಂದಿಟ್ಟುಕೊಂಡು ಇದು ನಿಜವೇ, ಇದು ಪೂರ್ಣವೇ ಎಂದು ಕೇಳುವ ಹತ್ತು ಮಂದಿ ಸ್ನೇಹಿತರು ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಅವರು ಸೇರುವುದಕ್ಕೆ ಒಂದು ಮಹಡಿಯೂ, ಅಂಜಿಕೆಯಿಲ್ಲದೆ ಸೇರಬಹುದಾದ ಒಂದು ಕಾಲವೂ ಬೇಕು. ನ್ಯೂಯಾರ್ಕಿನ ಆ ತರುಣರು ಮೊದಲನೆಯದನ್ನು ತಾವೇ ಒದಗಿಸಿಕೊಂಡರು. ಎರಡನೆಯದನ್ನು ಒದಗಿಸಬೇಕಾದುದು ಸಮಾಜದ ಕರ್ತವ್ಯವಾಗಿದ್ದಿತು.