ಬಿಸಿಲೋ ಮೀನೆಣ್ಣೆಯೋ? ರಿಕೆಟ್ಸ್ ರೋಗದ ಗುಟ್ಟು ಬಿಡಿಸಿದ ಬಗೆ

ಚಳಿಗಾಲದ ಬೆಳಿಗ್ಗೆ ಕಿಟಕಿಯ ಗಾಜು ಮುಚ್ಚಿ, ಒಳಗೆ ಬೀಳುವ ಬಿಸಿಲಿನಲ್ಲಿ ಎಳೆಗೂಸನ್ನು ಮಲಗಿಸುವವರನ್ನು ನೀವು ನೋಡಿರಬಹುದು. ಬಿಸಿಲು ತಾಗಿದರೆ ಮಗುವಿನ ಮೂಳೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಅವರದು. ನಂಬಿಕೆ ಸರಿಯೇ. ಆದರೆ ಬೆಳಕೂ ಬಿಸಿಯೂ ಒಳಗೆ ಬಂದರೂ ಮೂಳೆಗೆ ಬೇಕಾದ ಅಂಶ ಮಾತ್ರ ಗಾಜಿನ ಆಚೆಯೇ ಉಳಿದುಬಿಡುತ್ತದೆ. ಭೌತವಿಜ್ಞಾನದ ತರಗತಿಯಲ್ಲಿ ನಾವು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವ ಸಂಗತಿ ಇದು. ಅದನ್ನು ಅರಿಯಲು ಮುನ್ನೂರು ವರ್ಷಗಳಿಗೆ ಸ್ವಲ್ಪವೇ ಕಡಿಮೆ ಕಾಲ ಹಿಡಿಯಿತು.

ಬೆಳೆಯುವ ಮೂಳೆ ಮೊದಲು ಒಂದು ಮೆತ್ತನೆಯ ಹಂದರ. ಅದರಲ್ಲಿ ಕ್ಯಾಲ್ಸಿಯಮ್ ಮತ್ತು ಫಾಸ್ಫೇಟ್ ಲವಣಗಳು ಸೇರಿದಾಗಲೇ ಗಡಸುತನ. ಲವಣ ಸೇರದಿದ್ದರೆ ಮಗುವಿನ ಕಾಲುಗಳು ದೇಹದ ಭಾರಕ್ಕೆ ಬಿಲ್ಲಿನಂತೆ ಬಾಗುತ್ತವೆ, ಮಣಿಕಟ್ಟು ದಪ್ಪವಾಗುತ್ತದೆ, ಪಕ್ಕೆಲುಬುಗಳ ತುದಿಗಳು ಮಣಿಸರದಂತೆ ಉಬ್ಬುತ್ತವೆ. ಇದೇ ರಿಕೆಟ್ಸ್. ಹೆಣ್ಣುಮಕ್ಕಳಲ್ಲಿ ಸೊಂಟದ ಮೂಳೆ ವಿಕಾರಗೊಂಡು, ಮುಂದೆ ಹೆರಿಗೆಯ ವೇಳೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತಾಗುತ್ತಿತ್ತು. 1645ರಲ್ಲಿ ಡೇನಿಯಲ್ ವಿಸ್ಲರ್, 1650ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಇದನ್ನು ವಿವರವಾಗಿ ಬರೆದಿಟ್ಟರು. ಕಲ್ಲಿದ್ದಲ ಹೊಗೆ ಕವಿದ ಕೈಗಾರಿಕಾ ನಗರಗಳಲ್ಲಿ ರೋಗ ಬೆಳೆಯುತ್ತಲೇ ಹೋಯಿತು.

ಸುಳಿವುಗಳು ಇರಲಿಲ್ಲವೆಂದಲ್ಲ. 1889ರಲ್ಲಿ ಜಾನ್ ಬ್ಲಾಂಡ್-ಸಟ್ಟನ್ ಎಂಬ ಶಸ್ತ್ರವೈದ್ಯರು ಲಂಡನ್ ಮೃಗಾಲಯದ ಸಿಂಹದ ಮರಿಗಳ ವಿಚಾರ ವರದಿ ಮಾಡಿದರು. ಕೊಬ್ಬಿಲ್ಲದ ಕುದುರೆ ಮಾಂಸ ತಿಂದು ರಿಕೆಟ್ಸ್‌ನಿಂದ ಸಾಯುತ್ತಿದ್ದ ಆ ಮರಿಗಳು, ಪುಡಿಮಾಡಿದ ಮೂಳೆ, ಹಾಲು ಮತ್ತು ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟಾಗ ಚೇತರಿಸಿಕೊಂಡವು. ಮರುವರ್ಷವೇ ಥಿಯೊಬಾಲ್ಡ್ ಪಾಮ್ ಬೇರೊಂದು ಮಾತು ಹೇಳಿದರು. ಜಪಾನಿನಲ್ಲಿ ವೈದ್ಯ ಮಿಷನರಿಯಾಗಿದ್ದ ಪಾಮ್, ಅಲ್ಲಿ ಕಾಣದಿದ್ದ ಈ ರೋಗ ಇಂಗ್ಲೆಂಡಿನಲ್ಲಿ ಎಲ್ಲೆಲ್ಲೂ ಇರುವುದನ್ನು ಕಂಡು ಬೆರಗಾದರು. ನಾನಾ ದೇಶಗಳ ಮಿಷನರಿಗಳಿಗೆ ಪತ್ರ ಬರೆದು ಮಾಹಿತಿ ಸಂಗ್ರಹಿಸಿ, ಬಿಸಿಲಿನ ಕೊರತೆಯೇ ಕಾರಣ ಎಂದರು. ಒಬ್ಬರು ಆಹಾರವೆಂದರೆ ಇನ್ನೊಬ್ಬರು ಬಿಸಿಲೆಂದರು. ಸೋಂಕು ಎನ್ನುವವರ ಗುಂಪೂ ಒಂದಿತ್ತು.

1919ರಲ್ಲಿ ಈ ವಾದ ಪ್ರಯೋಗಶಾಲೆಗೆ ಬಂತು. ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಿಗೆ ಓಟ್ಸ್ ಗಂಜಿಯಂಥ ಆಹಾರ ಕೊಟ್ಟು ರಿಕೆಟ್ಸ್ ಬರಿಸಿದರು, ಮೀನೆಣ್ಣೆಯಿಂದ ವಾಸಿಮಾಡಿದರು. ಆಹಾರವಾದಿಗಳು ಗೆದ್ದರೆಂದೇ ತೋರಿತು. ಆದರೆ ಗಮನಿಸಿ: ನಾಯಿಮರಿಗಳನ್ನು ಕಟ್ಟಡದೊಳಗೇ ಕೂಡಿಹಾಕಲಾಗಿತ್ತು. ಅವು ಅಂಗಳದಲ್ಲಿ ಓಡಾಡಿಕೊಂಡಿದ್ದರೆ ಗಂಜಿ ತಿಂದೂ ಅವಕ್ಕೆ ರೋಗ ಬರದೆ ಇರಬಹುದಿತ್ತು! ಅದೇ ವರ್ಷ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ವೈದ್ಯರು ನಾಲ್ಕು ರೋಗಿ ಮಕ್ಕಳ ಮೇಲೆ ಪಾದರಸ ದೀಪದ ಬೆಳಕು ಹಾಯಿಸಿದರು. ದೀಪದ ಕೊಳವೆ ಗಾಜಿನದಲ್ಲ, ಕ್ವಾರ್ಟ್ಜ್‌ನದು. ಇಡೀ ಕತೆಯ ಕೀಲಿಕೈ ಇಲ್ಲಿದೆ. ಗಾಜು ತಡೆಯುವ ಅತಿನೇರಿಳೆ ಕಿರಣಗಳನ್ನು ಕ್ವಾರ್ಟ್ಜ್ ಹಾಯಗೊಡುತ್ತದೆ. ಕೆಲವು ತಿಂಗಳಲ್ಲಿ ಎಕ್ಸ್‌ಕಿರಣ ಚಿತ್ರಗಳಲ್ಲಿ ಮೂಳೆ ಗಟ್ಟಿಗೊಂಡದ್ದು ಕಂಡಿತು. ಹೆಚ್ಚು ಸೋಜಿಗದ ಸಂಗತಿ ಇನ್ನೊಂದು. ಒಂದೇ ತೋಳಿಗೆ ಬೆಳಕು ಹಾಯಿಸಿದಾಗ ಇನ್ನೊಂದು ತೋಳಿನ ಮೂಳೆಯೂ ಸರಿಹೋಯಿತು. ಅಂದರೆ ಬೆಳಕು ನೇರವಾಗಿ ಮೂಳೆಯ ಮೇಲೆ ವರ್ತಿಸುತ್ತಿಲ್ಲ. ಚರ್ಮದಲ್ಲಿ ಏನೋ ಒಂದು ಉಂಟಾಗಿ ರಕ್ತದ ಮೂಲಕ ಮೈಯೆಲ್ಲ ಹರಡುತ್ತಿದೆ. (ಯೆಹೂದಿಯಾಗಿದ್ದ ಹುಲ್ಡ್‌ಶಿನ್‌ಸ್ಕಿ ನಾಜಿ ಆಳ್ವಿಕೆಯಲ್ಲಿ ಜರ್ಮನಿ ಬಿಟ್ಟು ಈಜಿಪ್ಟಿಗೆ ಹೋಗಬೇಕಾಯಿತು. 1940ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿಲ್ಲ.)

ಎರಡು ಪಕ್ಷಗಳನ್ನೂ ಒಂದೇ ಸೂರಿನಡಿ ಪರೀಕ್ಷಿಸಿದವರು ಹ್ಯಾರಿಯೆಟ್ ಚಿಕ್. ಮೊದಲ ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯದ ರಾಜಧಾನಿ ವಿಯೆನ್ನಾ ಆಗ ಹಸಿವಿನಿಂದ ಕಂಗೆಟ್ಟಿತ್ತು; ರಿಕೆಟ್ಸ್ ಮನೆಮನೆಯಲ್ಲಿತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯಿಂದ ಚಿಕ್ 1919ರಲ್ಲಿ ಅಲ್ಲಿಗೆ ಹೋದರು. ಜೊತೆಗೆ ದುಡಿದ ಡಾಲ್‌ಯೆಲ್, ಹ್ಯೂಮ್, ಮೆಕೆ, ಸ್ಮಿತ್ ಎಲ್ಲರೂ ಮಹಿಳೆಯರೇ. ಮಕ್ಕಳ ಆಸ್ಪತ್ರೆಯ ಮುಖ್ಯಸ್ಥ ಕ್ಲೆಮೆನ್ಸ್ ಫಾನ್ ಪಿರ್ಕೆ ಆಹಾರದ ವಾದವನ್ನು ಒಪ್ಪಿದವರಲ್ಲ, ಆದರೂ ವಾರ್ಡುಗಳನ್ನು ಬಿಟ್ಟುಕೊಟ್ಟರು. ದೊಡ್ಡತನವೆಂದರೆ ಇದು. ಒಂದೇ ವಾರ್ಡಿನಲ್ಲಿ, ಒಂದೇ ಶುಚಿತ್ವದಲ್ಲಿ ಕೆಲವು ಶಿಶುಗಳಿಗೆ ಅಲ್ಲಿನ ವಾಡಿಕೆಯ ಆಹಾರ, ಉಳಿದವಕ್ಕೆ ಮೀನೆಣ್ಣೆ ಸೇರಿದ ಆಹಾರ. ಚಳಿಗಾಲದಲ್ಲಿ ಮೊದಲ ಗುಂಪಿನ ಅನೇಕ ಮಕ್ಕಳಲ್ಲಿ ರಿಕೆಟ್ಸ್ ತಲೆದೋರಿತು. ಎಣ್ಣೆ ಕುಡಿದವರಲ್ಲಿ ಇಲ್ಲ. ಬೇಸಿಗೆಯಲ್ಲಿ ಯಾವ ಗುಂಪಿನಲ್ಲೂ ಹೊಸದಾಗಿ ರೋಗ ಬರಲಿಲ್ಲ. ರೋಗ ಬಂದ ಮಕ್ಕಳಿಗೆ ಮೀನೆಣ್ಣೆ ಕೊಡಲಿ, ಬಿಸಿಲಿಗೆ ಒಡ್ಡಲಿ, ದೀಪದ ಬೆಳಕು ಹಾಯಿಸಲಿ, ಗುಣವಾಗುವ ರೀತಿ ಒಂದೇ. ರೋಗ ಬರಬಹುದೆಂದು ಗೊತ್ತಿದ್ದೂ ಕೆಲವು ಶಿಶುಗಳಿಗೆ ಎಣ್ಣೆ ಕೊಡದಿರುವುದನ್ನು ಇಂದಿನ ನೀತಿಸಂಹಿತೆ ಒಪ್ಪಲಾರದು. ಆದರೆ ಎಣ್ಣೆ ಮದ್ದೆಂಬುದೇ ಆಗ ಸಾಬೀತಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಬೆಳಕು ಮತ್ತು ಎಣ್ಣೆ ಎರಡೂ ಒಂದೇ ಹೇಗೆ? 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮೀನೆಣ್ಣೆಗೆ ಬಿಸಿಗಾಳಿ ಹಾಯಿಸಿ ಅದರ ವಿಟಮಿನ್ ಎ ನಾಶಮಾಡಿದರು. ಕಣ್ಣಿನ ರೋಗ ವಾಸಿಮಾಡುವ ಗುಣ ಹೋಯಿತು, ರಿಕೆಟ್ಸ್ ವಾಸಿಮಾಡುವ ಗುಣ ಉಳಿಯಿತು. ಅದಕ್ಕೆ ವಿಟಮಿನ್ ಡಿ ಎಂದು ಹೆಸರಿಟ್ಟರು. ವಿಯೆನ್ನಾ ತಂಡದಲ್ಲಿದ್ದ ಹ್ಯೂಮ್ ಮತ್ತು ಸ್ಮಿತ್ 1923ರಲ್ಲಿ ಒಂದು ತಮಾಷೆ ಕಂಡರು. ಇಲಿಗಳಿಲ್ಲದ ಗಾಜಿನ ಜಾಡಿಗೆ ಅತಿನೇರಿಳೆ ಬೆಳಕು ಹಾಯಿಸಿ, ಆಮೇಲೆ ಇಲಿಗಳನ್ನು ಬಿಟ್ಟರೂ ಅವು ಚೆನ್ನಾಗಿ ಬೆಳೆದವು! ಬೆಳಕು ತಾಗಿದ ಗಾಳಿಯಲ್ಲೇ ಏನೋ ಇದೆಯೆಂದು ಮೊದಲು ಭಾವಿಸಿದರು. ನಿಜ ಸಂಗತಿ ಬೇರೆ. ಜಾಡಿಯ ತಳದಲ್ಲಿ ಹಾಸಿದ್ದ ಮರದ ಹೊಟ್ಟಿಗೆ ಬೆಳಕು ತಾಗಿತ್ತು, ಇಲಿಗಳು ಅದನ್ನು ಮೆಲ್ಲುತ್ತಿದ್ದವು. 1924ರಲ್ಲಿ ಹ್ಯಾರಿ ಸ್ಟೀನ್‌ಬಾಕ್ ಮತ್ತು ಆಲ್ಫ್ರೆಡ್ ಹೆಸ್ ಬೇರೆ ಬೇರೆಯಾಗಿ, ಆಹಾರಕ್ಕೆ ಅತಿನೇರಿಳೆ ಹಾಯಿಸಿದರೂ ಸಾಕೆಂದು ತೋರಿಸಿದರು. ಬೆಳಕು ತಯಾರಿಸುವ ವಸ್ತುವೇ ಎಣ್ಣೆಯಲ್ಲಿ ಸಿದ್ಧವಾಗಿ ಸಿಗುತ್ತದೆ, ಅಷ್ಟೆ.

ಇನ್ನು ನಮ್ಮ ಭೌತವಿಜ್ಞಾನಕ್ಕೆ ಬರೋಣ. ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟೆರಾಲ್ ಎಂಬ ಅಣುವಿನ ಒಂದು ಉಂಗುರ ತೆರೆದುಕೊಂಡರೆ ವಿಟಮಿನ್ ಡಿ ತಯಾರಿಕೆ ಮೊದಲಾಗುತ್ತದೆ. ಅದನ್ನು ತೆರೆಯುವುದು ಬಿಸಿಲಿನ 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಕಿರಣಗಳು. 295 ನ್ಯಾನೊಮೀಟರಿನ ಫೋಟಾನಿನ ಶಕ್ತಿ 4.2 ಎಲೆಕ್ಟ್ರಾನ್ ವೋಲ್ಟ್. 400 ನ್ಯಾನೊಮೀಟರಿನ ನೇರಿಳೆ ಬೆಳಕಿನದು 3.1 ಮಾತ್ರ. ಗೋಚರ ಬೆಳಕನ್ನು ಈ ಅಣು ಹೀರುವುದೇ ಇಲ್ಲ, ಬೆಳಕು ಎಷ್ಟೇ ಪ್ರಖರವಾಗಿರಲಿ. ದ್ಯುತಿವಿದ್ಯುತ್ ಪರಿಣಾಮದ ಪಾಠ ಮಾಡುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಸಾಮಾನ್ಯ ಕಿಟಕಿ ಗಾಜು ಬಹುಪಾಲು ತಡೆಯುವುದು ಈ ಕಿರಣಗಳನ್ನೇ.

ಗಾಜಿನ ಕೆಲಸವನ್ನು ವಾತಾವರಣದ ಓಜೋನ್ ಕೂಡ ಮಾಡುತ್ತದೆ. ಡಿಸೆಂಬರ್ 22ರ ನಡುಹಗಲಿನಲ್ಲಿ ಲಂಡನ್ನಿನ ಸೂರ್ಯ ದಿಗಂತದಿಂದ ಕೇವಲ 15 ಡಿಗ್ರಿ ಮೇಲಿರುತ್ತಾನೆ. ಅವನ ಕಿರಣ ಸಾಗುವ ಗಾಳಿಯ ದಾರಿ, ನೆತ್ತಿಯ ಮೇಲಿದ್ದಾಗಿನ ಸುಮಾರು ನಾಲ್ಕು ಪಟ್ಟು. ಬೆಂಗಳೂರಿನಲ್ಲಿ ಅಂದು ಎತ್ತರ 53 ಡಿಗ್ರಿ ದಾಟಿರುತ್ತದೆ. ದಾರಿ ಒಂದೂಕಾಲು ಪಟ್ಟು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು.

ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 1921-22ರಲ್ಲಿಯೇ ನಾಸಿಕದಲ್ಲಿ ಹಚಿಸನ್ ಮತ್ತು ಸಂಗಡಿಗರು ಅಧ್ಯಯನ ನಡೆಸಿ, ಉಂಡುಟ್ಟು ಸುಖವಾಗಿದ್ದ ಗೋಷಾ ಕುಟುಂಬಗಳಲ್ಲಿ ರಿಕೆಟ್ಸ್ ಇದೆ, ಬಯಲಲ್ಲಿ ದುಡಿಯುವ ಬಡವರ ಮಕ್ಕಳಲ್ಲಿ ಅದು ವಿರಳ ಎಂದು ತೋರಿಸಿದ್ದರು. 2000ದಲ್ಲಿ ದೆಹಲಿಯ ವೈದ್ಯರು ಆರೋಗ್ಯವಂತರ ರಕ್ತ ಪರೀಕ್ಷಿಸಿದಾಗಲೂ ಹೆಚ್ಚುಕಡಿಮೆ ಅದೇ ಚಿತ್ರ. ಬಿಸಿಲಿನಲ್ಲಿ ಕವಾಯತು ಮಾಡುವ ಸೈನಿಕರಲ್ಲಿ ವಿಟಮಿನ್ ಡಿ ಹೆಚ್ಚು, ಕಟ್ಟಡದೊಳಗೆ ಕೆಲಸ ಮಾಡುವ ಆಸ್ಪತ್ರೆ ಸಿಬ್ಬಂದಿಯಲ್ಲಿ ಕಡಿಮೆ. ಇನ್ನು 1999ರಲ್ಲಿ ನೈಜೀರಿಯದಿಂದ ಬಂದ ವರದಿ ಬೇರೆಯದೇ ಕತೆ ಹೇಳಿತು. ಅಲ್ಲಿ ಬಿಸಿಲಿಗೇನೂ ಬರವಿಲ್ಲ, ಆದರೂ ರಿಕೆಟ್ಸ್. ಆ ಮಕ್ಕಳ ಊಟದಲ್ಲಿ ದಿನಕ್ಕೆ ಸಿಗುತ್ತಿದ್ದ ಕ್ಯಾಲ್ಸಿಯಮ್ ಸುಮಾರು 200 ಮಿಲಿಗ್ರಾಮ್ ಮಾತ್ರ. ಬರಿಯ ವಿಟಮಿನ್ ಡಿಗಿಂತ ಕ್ಯಾಲ್ಸಿಯಮ್ ಕೊಟ್ಟಾಗಲೇ ಅವರು ಚೆನ್ನಾಗಿ ಗುಣವಾದರು.