ಕಾಂತೀಯ ನ್ಯಾನೊಕಣಗಳ ತಯಾರಿಕಾ ವಿಧಾನಗಳು: ಒಂದು ಚಾರಿತ್ರಿಕ ಅವಲೋಕನ

ತಂತ್ರಜ್ಞಾನದ ಚರಿತ್ರೆಯನ್ನು ಹಳೆಯದು ಅಳಿದು ಹೊಸದು ನೆಲೆಗೊಂಡ ಕಥನವಾಗಿ ನಿರೂಪಿಸುವುದು ರೂಢಿ. ಜಾನಪದ ಅಧ್ಯಯನದ ಅನುಭವ ಬೇರೆ. ಒಂದೇ ಕಥೆಯ ಹಲವು ಪಾಠಗಳು ಏಕಕಾಲದಲ್ಲಿ ಬದುಕಿರುತ್ತವೆ. ಯಾವ ಪಾಠ ಎಲ್ಲಿ ಉಳಿಯುತ್ತದೆ ಎಂಬುದನ್ನು ಬಳಕೆಯ ಸಂದರ್ಭ ನಿರ್ಧರಿಸುತ್ತದೆ. ಮ್ಯಾಗ್ನಟೈಟ್ ಮೊದಲಾದ ಕಬ್ಬಿಣದ ಆಕ್ಸೈಡುಗಳ ನ್ಯಾನೊಕಣಗಳನ್ನು ತಯಾರಿಸುವ ವಿಧಾನಗಳಿಗೂ ಈ ಮಾತು ಅನ್ವಯಿಸುತ್ತದೆ.

1938ರಲ್ಲಿ ಅಮೆರಿಕದ ಎಲ್ಮೋರ್ ಮ್ಯಾಗ್ನಟೈಟಿನ ಕಲಿಲ ದ್ರಾವಣವೊಂದನ್ನು ವಿವರಿಸಿದರು. ಲೋಹದ ಮೇಲ್ಮೈಯಲ್ಲಿನ ಕಾಂತೀಯ ವಲಯಗಳ ಗಡಿಗಳನ್ನು ಕಾಣುವಂತೆ ಮಾಡುವುದು ಅದರ ಉದ್ದೇಶವಾಗಿತ್ತು. ಮುಂದೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಸ್ಟೀಫನ್ ಪ್ಯಾಪೆಲ್ ಭಿನ್ನ ಮಾರ್ಗ ಹಿಡಿದರು. ಭಾರರಹಿತ ಸ್ಥಿತಿಯಲ್ಲಿ ರಾಕೆಟ್ ಇಂಧನವನ್ನು ಕಾಂತಬಲದಿಂದ ಸೆಳೆಯಲು, ಮ್ಯಾಗ್ನಟೈಟ್ ಪುಡಿಯನ್ನು ಓಲಿಯಿಕ್ ಆಮ್ಲದೊಡನೆ ದ್ರವದಲ್ಲಿ ದೀರ್ಘಕಾಲ ಅರೆಯುವ ಕ್ರಮವನ್ನು ಅವರು ರೂಪಿಸಿದರು. 1965ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ಅರೆಯುವ ಕ್ರಮಕ್ಕೆ ಹೆಚ್ಚು ಕಾಲ ಬೇಕಿತ್ತು. ಲವಣಗಳಿಂದಲೇ ಕಣವನ್ನು ಕಟ್ಟುವ ಸಹಪ್ರಕ್ಷೇಪಣ ವಿಧಾನ ಈ ತೊಡಕನ್ನು ನೀಗಿತು. ಫೆರಸ್ ಮತ್ತು ಫೆರಿಕ್ ಲವಣಗಳನ್ನು 1:2ರ ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ ಕ್ಷಾರ ಬೆರೆಸಿದರೆ ಕಪ್ಪು ಮ್ಯಾಗ್ನಟೈಟ್ ತಳಕ್ಕಿಳಿಯುತ್ತದೆ. 1981ರಲ್ಲಿ ಫ್ರಾನ್ಸಿನ ರೆನೆ ಮಸ್ಸಾರ್, ಕಣಗಳ ಮೇಲ್ಮೈಯ ವಿದ್ಯುದಾವೇಶವನ್ನೇ ಬಳಸಿ, ಸಾಬೂನಿನಂಥ ಲೇಪವಿಲ್ಲದೆಯೂ ಅವು ನೀರಿನಲ್ಲಿ ಗಂಟುಕಟ್ಟದಂತೆ ಮಾಡಿದರು. ಆದರೆ ಈ ವಿಧಾನದಲ್ಲಿ ಕಣಗಳ ಗಾತ್ರ ಏಕರೂಪವಾಗಿರುವುದಿಲ್ಲ. ಗಾತ್ರ ಬದಲಾದರೆ ಕಾಂತಗುಣವೂ ಬದಲಾಗುವುದರಿಂದ ಇದು ಗಂಭೀರ ಮಿತಿಯೇ ಸರಿ.

ಇದಕ್ಕೆ ಉತ್ತರವಾಗಿ ಬಂದದ್ದು ಉಷ್ಣ ವಿಘಟನೆ. 2002ರಲ್ಲಿ ಐಬಿಎಂ ಸಂಸ್ಥೆಯ ಸುನ್ ಮತ್ತು ಝೆಂಗ್, ಕಬ್ಬಿಣದ ಸಾವಯವ ಸಂಯುಕ್ತವನ್ನು ಅಧಿಕ ತಾಪದ ಸಾವಯವ ದ್ರಾವಕದಲ್ಲಿ ಕಾಯಿಸಿ, 20 ನ್ಯಾನೊಮೀಟರ್‌ವರೆಗಿನ ಏಕಗಾತ್ರದ ಕಣಗಳನ್ನು ಪಡೆದರು. 2004ರಲ್ಲಿ ದಕ್ಷಿಣ ಕೊರಿಯಾದ ಹ್ಯೋನ್ ತಂಡವು ಒಂದೇ ಬಾರಿಗೆ 40 ಗ್ರಾಂನಷ್ಟು ಏಕಗಾತ್ರದ ಕಣಗಳನ್ನು ತಯಾರಿಸಿತು.

ಹಾಗಿದ್ದೂ ಸಹಪ್ರಕ್ಷೇಪಣ ಮರೆಯಾಗಲಿಲ್ಲ. ಉಷ್ಣ ವಿಘಟನೆಯ ಕಣಗಳು ಸಾಮಾನ್ಯವಾಗಿ ಎಣ್ಣೆಯಂಥ ದ್ರವಗಳಿಗೆ ಹೊಂದುತ್ತವೆ. ದೇಹದೊಳಗೆ ಬಳಸಬೇಕಾದರೆ ಅವನ್ನು ನೀರಿಗೆ ಹೊಂದಿಸುವ ಇನ್ನೊಂದು ಹಂತ ಅಗತ್ಯ. 2009ರಲ್ಲಿ ಅಮೆರಿಕದಲ್ಲಿ ರಕ್ತಹೀನತೆಯ ಚಿಕಿತ್ಸೆಗೆ ಅನುಮೋದನೆ ಪಡೆದ ಫೆರುಮಾಕ್ಸಿಟಾಲ್, ನೀರಿನಲ್ಲಿ ಲವಣಕ್ಕೆ ಕ್ಷಾರ ಬೆರೆಸುವ ಪರಂಪರೆಗೇ ಸೇರಿದ ಔಷಧ. ಆದ್ದರಿಂದ ಈ ವಿಧಾನಗಳನ್ನು ಏಣಿಯ ಮೆಟ್ಟಿಲುಗಳೆಂದು ಭಾವಿಸುವುದಕ್ಕಿಂತ ಪಾಠಾಂತರಗಳೆಂದು ಗ್ರಹಿಸುವುದು ಹೆಚ್ಚು ಉಚಿತ. ವಿಧಾನವೊಂದರ ಮೌಲ್ಯವನ್ನು ಅದು ಯಾವಾಗ ಬಂದಿತು ಎಂಬುದಕ್ಕಿಂತ ಯಾವ ಅಗತ್ಯಕ್ಕೆ ಒದಗಿತು ಎಂಬುದರಿಂದ ಅಳೆಯಬೇಕಾಗುತ್ತದೆ.